ತರಬೇತಿ ಮುಗಿದ ಮರುದಿನ ಟೀಮ್ ಬದಲಾಗಬೇಕೇ? ಹೀಗೆ ಮಾಡಿ

ಬೆಂಗಳೂರಿನ ಆಫೀಸುಗಳಲ್ಲಿ ಒಂದೇ ಟೀಮ್‌ನಲ್ಲಿ ಹಾವೇರಿಯವರು, ಪಟ್ನಾದವರು, ಕೊಚ್ಚಿಯವರು ಇರುತ್ತಾರೆ. ಸಂಜೆ ಡೇಕೇರ್‌ಗೆ ಓಡಬೇಕಾದ ಅಮ್ಮ, ಕಿವಿ ಸರಿಯಾಗಿ ಕೇಳದ ಟೆಸ್ಟರ್, ತಮ್ಮ ಮನೆಯವರಲ್ಲೇ ಮೊದಲಿಗನಾಗಿ ಆಫೀಸ್ ಕೆಲಸಕ್ಕೆ ಸೇರಿದ ಹುಡುಗ ಕೂಡ ಅಲ್ಲೇ ಇರುತ್ತಾರೆ. ಇವರೆಲ್ಲ ಹೊಂದಿಕೊಂಡು ಕೆಲಸ ಮಾಡಲಿ ಅಂತ ಕಂಪನಿಗಳು ಡೈವರ್ಸಿಟಿ ಟ್ರೈನಿಂಗ್ ನಡೆಸುತ್ತವೆ. ನಾನು ಕೂತಿದ್ದ ಮೊದಲ ತರಬೇತಿಯಲ್ಲಿ ಎರಡು ಗಂಟೆ ಸ್ಲೈಡ್, ಕೊನೆಗೊಂದು ಕ್ವಿಜ್ ಇತ್ತು. ಮರುದಿನದ ಮೀಟಿಂಗ್‌ನಲ್ಲಿ ಬಾಯಿ ಬಿಟ್ಟವರು ಮಾತ್ರ ಎಂದಿನ ಅದೇ ಮೂವರು. ನನಗೆ ತುಂಬಾ ಬೇಸರವಾಗಿತ್ತು.

ಹಾಗಾಗಿ ಮೊದಲ ಕೆಲಸ ಸ್ಲೈಡ್ ಮಾಡುವುದಲ್ಲ, ಕೇಳುವುದು. ತರಬೇತಿಗೆ ಎರಡು ವಾರ ಮುಂಚೆ ಎಲ್ಲರಿಗೂ ಹೆಸರು ಬರೆಯದ ಚೀಟಿ ಕೊಡಿ. ಎರಡೇ ಪ್ರಶ್ನೆ ಸಾಕು: ಹೇಳಬೇಕು ಅನ್ನಿಸಿದರೂ ಸುಮ್ಮನಿದ್ದದ್ದು ಯಾವಾಗ? ಕೆಲಸದ ಯಾವ ವಿಷಯ ನಿಮಗೆ ತಡವಾಗಿ ಗೊತ್ತಾಯಿತು? ಚಿಕ್ಕ ಟೀಮ್ ಆದರೆ ಕೈಬರಹದಿಂದಲೇ ಯಾರೆಂದು ತಿಳಿದುಬಿಡುತ್ತದೆ. ಆಗ ಟೈಪ್ ಮಾಡಿಸಿಕೊಳ್ಳಿ.

ಆಮೇಲೆ ಕಾನೂನಿನ ಪಾಠವನ್ನು ಬೇರೆಯಾಗಿ ಇಡಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಸಿಬ್ಬಂದಿಗೆ ಆಗಾಗ ಅರಿವು ಮೂಡಿಸಲೂಬೇಕು. ಅಂಗವಿಕಲರ ಹಕ್ಕುಗಳಿಗೆ 2016ರ ಕಾಯ್ದೆ ಇದೆ. ಇವು ಎಲ್ಲರಿಗೂ ಕಡ್ಡಾಯ, ಚರ್ಚೆಯೇ ಬೇಡ.

ಟೀಮ್ ಕೂತು ಮನಸ್ಸು ಬಿಚ್ಚುವ ಮಾತುಕತೆಗೆ ಮಾತ್ರ ಬಲವಂತ ಬೇಡ. ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್ ಅಮೆರಿಕದ 800ಕ್ಕೂ ಹೆಚ್ಚು ಕಂಪನಿಗಳ ಮೂರು ದಶಕಗಳ ಮಾಹಿತಿ ನೋಡಿದರು. ತರಬೇತಿ ಕಡ್ಡಾಯ ಮಾಡಿದ ಕಡೆ, ಐದು ವರ್ಷವಾದರೂ ಮ್ಯಾನೇಜರ್ ಹುದ್ದೆಗಳಲ್ಲಿ ಬಿಳಿಯ ಮಹಿಳೆಯರ ಪಾಲು ಹೆಚ್ಚಲಿಲ್ಲ, ಕಪ್ಪು ಮಹಿಳೆಯರ ಪಾಲು ಇನ್ನೂ ಇಳಿಯಿತು. ಸ್ವಂತ ಇಷ್ಟದಿಂದ ಬರುವ ತರಬೇತಿಗೆ ಒಳ್ಳೆಯ ಫಲ ಸಿಕ್ಕಿತು. ಜನರನ್ನು ಕರೆಯಿರಿ, ಎಳೆದು ತರಬೇಡಿ. ಒಬ್ಬರಿಗೆ ಮಾತ್ರ ಈ ವಿನಾಯಿತಿ ಇಲ್ಲ: ಮ್ಯಾನೇಜರ್ ಮೊದಲಿನಿಂದ ಕೊನೆಯವರೆಗೂ ಕೂರಬೇಕು, ಫೋನ್ ಬದಿಗಿಟ್ಟು.

ಚರ್ಚೆಗೆ ಬೇರೆ ದೇಶದ ಉದಾಹರಣೆ ಬೇಡ, ನಿಮ್ಮ ಚೀಟಿಗಳೇ ಸಾಕು. ನಮ್ಮಲ್ಲಿ ಜಾಸ್ತಿ ಬಂದದ್ದು ಭಾಷೆಯ ವಿಷಯ. ಊಟದ ಟೇಬಲ್‌ನಲ್ಲಿ ಮಾತು ಹಿಂದಿಗೆ ತಿರುಗಿತು, ಹಿಂದಿ ಬಾರದ ಕನ್ನಡದ ಹುಡುಗ ತಟ್ಟೆ ನೋಡುತ್ತಾ ಕೂತ. ಇನ್ನೊಂದು ಚೀಟಿಯಲ್ಲಿ ಅದರ ಮತ್ತೊಂದು ಮುಖ. ನಾವು ಇಬ್ಬರು ಕನ್ನಡಿಗರು ಕಾಫಿ ಕುಡಿಯುತ್ತಾ ಕನ್ನಡದಲ್ಲೇ ಒಂದು ಕೆಲಸ ತೀರ್ಮಾನಿಸಿಬಿಟ್ಟಿದ್ದೆವು. ಪಕ್ಕದಲ್ಲೇ ಇದ್ದ ಕೊಚ್ಚಿಯ ಸಹೋದ್ಯೋಗಿಗೆ ಅದು ಮೂರು ದಿನ ತಿಳಿದಿರಲಿಲ್ಲ. ಅಷ್ಟರಲ್ಲಿ ಅವರು ಹಳೆಯ ಲೆಕ್ಕದಲ್ಲೇ ಅರ್ಧ ಕೆಲಸ ಮುಗಿಸಿದ್ದರು. ತಟ್ಟೆ ನೋಡುತ್ತಾ ಕೂತ ಹುಡುಗನಿಗೂ ಇವರಿಗೂ ಆದದ್ದು ಒಂದೇ ಅಲ್ವಾ? ಇನ್ನೊಂದು ಚೀಟಿಯಲ್ಲಿ ‘ಪೂರ್ತಿ ಹೆಸರೇನು, ಯಾವ ಕಡೆಯವರು’ ಅಂತ ಮತ್ತೆ ಮತ್ತೆ ಕೇಳುತ್ತಾರೆ ಅಂತಿತ್ತು. ಕೇಳುವವರು ಹುಡುಕುತ್ತಿರುವುದು ಜಾತಿ ಎಂದು ಉತ್ತರಿಸುವವರಿಗೆ ಗೊತ್ತಾಗುತ್ತದೆ.

ನಾಲ್ಕೈದು ಜನರ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಘಟನೆ ಕೊಡಿ. ತಪ್ಪು ಯಾರದು ಅಂತ ಕೇಳಬೇಡಿ. ಯಾರಿಗೆ ಏನು ತಪ್ಪಿಹೋಯಿತು, ಕೆಲಸ ಎಲ್ಲಿ ಕೆಟ್ಟಿತು ಅಂತ ಕೇಳಿ. ‘ನಿಮ್ಮವರ ಕಷ್ಟ ಹೇಳಿ’ ಎಂದು ಯಾರನ್ನೂ ಎದ್ದು ನಿಲ್ಲಿಸಬೇಡಿ. ಅದು ದೊಡ್ಡ ನೋವು.

ಏಳುವ ಮುಂಚೆ ಎರಡೇ ನಿಯಮ ಆರಿಸಿ ಬರೆದಿಡಿ. ನಮ್ಮವು ಇವು: ಎಲ್ಲಿ ಮಾತಾಡಿದರೂ ತೀರ್ಮಾನವನ್ನು ಅದೇ ದಿನ ಟೀಮ್ ಗ್ರೂಪ್‌ನಲ್ಲಿ, ಎಲ್ಲರಿಗೂ ಬರುವ ಭಾಷೆಯಲ್ಲಿ ಹಾಕಬೇಕು. ಮೀಟಿಂಗ್‌ನಲ್ಲಿ ಎರಡು ನಿಮಿಷ ಎಲ್ಲರೂ ಬರೆದುಕೊಂಡ ಮೇಲೆ, ಹೊಸಬರಿಂದ ಮಾತು ಶುರುವಾಗಬೇಕು. ವಿಡಿಯೊ ಕಾಲ್‌ನಲ್ಲಿ ಮಾತು ಅಕ್ಷರದಲ್ಲಿ ಕಾಣುವ ಕ್ಯಾಪ್ಷನ್ ಹಾಕುವುದು, ಸಂಜೆ ಐದೂವರೆ ನಂತರ ಮೀಟಿಂಗ್ ಇಡದಿರುವುದು ಮುಂದಿನ ಸುತ್ತಿಗೆ ಉಳಿದವು.

ಆರು ವಾರ ಬಿಟ್ಟು ಎಣಿಸಿ. ಮೀಟಿಂಗ್‌ನಲ್ಲಿ ಎಷ್ಟು ಜನ ಮಾತಾಡಿದರು? ಮಿನಿಟ್ಸ್ ಬರೆಯುವುದು, ಬರ್ತ್‌ಡೇ ಕೇಕ್ ತರಿಸುವುದು ಪ್ರತಿ ಸಲ ಯಾವುದೋ ಒಬ್ಬ ಹೆಣ್ಣುಮಗಳ ಪಾಲಿಗೇ ಬರುತ್ತಿದೆಯೇ? ಹಾಗಿದ್ದರೆ ಸರದಿ ಪಟ್ಟಿ ಹಾಕಿ. ಮೂರು ತಿಂಗಳಾದ ಮೇಲೆ ಅದೇ ಚೀಟಿಗಳನ್ನು ಮತ್ತೆ ಹಂಚಿ.