ಬಸ್ ನಿಲ್ಲಿಸುವ ಜಾಗದ ತಕರಾರು: ಪರ್ಮಿಟ್ ಅರ್ಜಿ ಕೊನೆಗೂ ದಾಟಿದ್ದು ಹೀಗೆ

ದಾವಣಗೆರೆ, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಮಾರ್ಗಕ್ಕೆ ಸ್ಟೇಜ್ ಕ್ಯಾರೇಜ್ ಪರ್ಮಿಟ್ (ದಾರಿಯಲ್ಲಿ ಹತ್ತಿಸಿ ಇಳಿಸುತ್ತ, ಪ್ರತಿ ಪ್ರಯಾಣಿಕರಿಂದ ಟಿಕೆಟ್ ಹಣ ಪಡೆದು ಬಸ್ ಓಡಿಸುವ ಪರವಾನಗಿ) ಅರ್ಜಿ ಹಾಕಿದ್ದೆ. ಪ್ರತಿ ಸಲವೂ ‘ವಾಹನ ನಿಲುಗಡೆ ವಿವರ ಸ್ಪಷ್ಟವಿಲ್ಲ’ ಎಂಬ ಷರಾ ಹೊತ್ತು ವಾಪಸ್ ಬರುತ್ತಿತ್ತು. ಆರ್‌ಸಿಯಲ್ಲಿ (ಬಸ್ಸಿನ ನೋಂದಣಿ ಪತ್ರ) ದಾವಣಗೆರೆ ವಿಳಾಸ. ಆಫೀಸು ಹೊಸದುರ್ಗಕ್ಕೆ ಬಂದಿತ್ತು, ಬಸ್ ರಾತ್ರಿ ನಿಲ್ಲುವುದೂ ಅಲ್ಲೇ.

ಛಾಪಾ ಕಾಗದದ ಅಫಿಡವಿಟ್ಟು, ಪೆಟ್ರೋಲ್ ಬಂಕಿನವರ ಪತ್ರ, ‘ಶೆಡ್ ಇದೆ’ ಎಂಬ ಒಂದು ಸಾಲು, ಏಜೆಂಟರ ಓಡಾಟ, ಯಾವುದೂ ನಡೆಯಲಿಲ್ಲ.

ಕೆಲಸ ಆಗಿದ್ದು ಕ್ರಮ ಬದಲಿಸಿದಾಗ. ಮೊದಲು ಆರ್‌ಸಿ, ಆಮೇಲೆ ಪರ್ಮಿಟ್. 1988ರ ಮೋಟಾರು ವಾಹನ ಕಾಯ್ದೆಯ 40ನೇ ಕಲಂ ನೋಂದಣಿಯನ್ನು ವಾಹನ ಸಾಮಾನ್ಯವಾಗಿ ಇರುವ ಮನೆ ಅಥವಾ ವ್ಯವಹಾರದ ಜಾಗಕ್ಕೆ ಜೋಡಿಸುತ್ತದೆ. ವಿಳಾಸ ಬದಲಾದರೆ 49ನೇ ಕಲಂ ಪ್ರಕಾರ 30 ದಿನದೊಳಗೆ ತಿಳಿಸಬೇಕು. ಅದಕ್ಕೆ ಫಾರ್ಮ್ 33 ಕೊಡಿ; ಬಸ್ಸಿನ ಮೇಲೆ ಸಾಲವಿದ್ದರೆ ಫೈನಾನ್ಸಿನವರ ಒಪ್ಪಿಗೆಯನ್ನೂ ಪಡೆಯಿರಿ. ಹೊಸ ವಿಳಾಸದ ಆರ್‌ಸಿ ಕೈಗೆ ಬರುವ ತನಕ ಪರ್ಮಿಟ್ ಅರ್ಜಿ ಮುಟ್ಟಬೇಡಿ.

ನಂತರ ಪರ್ಮಿಟ್ ಅರ್ಜಿಯಲ್ಲಿ ಏನಿರಬೇಕು ಎನ್ನುವ 70ನೇ ಕಲಂ. ಅದು ಕೇಳುವುದು ಬರೀ ಜಾಗ ಅಲ್ಲ: ಬಸ್ ಇಡುವುದು, ನಿರ್ವಹಣೆ, ರಿಪೇರಿ, ಪ್ರಯಾಣಿಕರ ಅನುಕೂಲ, ಲಗೇಜಿನ ಭದ್ರತೆ, ಎಲ್ಲದರ ವ್ಯವಸ್ಥೆ. ಇದಕ್ಕೆಂದೇ ಪ್ರತ್ಯೇಕ ಹಾಳೆ ಮಾಡಿದೆ. ಜೊತೆಗೆ ಶೆಡ್ಡಿನ ಬಾಡಿಗೆ ಕರಾರು, ಖಾತೆ ನಕಲು, ಗೇಟಿನ ಅಗಲವೂ ಸೇರಿ ಅಳತೆ ಹಾಕಿದ ಕೈನಕ್ಷೆ, ರಿಪೇರಿ ಮಾಡುವ ಗ್ಯಾರೇಜಿನ ಪತ್ರ. ಶೆಡ್ಡಿನ ವಿಳಾಸ ಎಲ್ಲ ಕಾಗದದಲ್ಲೂ ಆರ್‌ಸಿಯಲ್ಲಿ ಇರುವಂತೆಯೇ ಇರಲಿ. ಒಂದರಲ್ಲಿ ‘ಕ್ರಾಸ್’, ಇನ್ನೊಂದರಲ್ಲಿ ‘ಅಡ್ಡರಸ್ತೆ’ ಬೇಡ. ಮೀಸಲು ಬಸ್, ದಿನದ ಟ್ರಿಪ್, ವೇಳಾಪಟ್ಟಿ ಕೂಡ ಅದೇ ಕಲಮಿನಲ್ಲಿ ಬರುತ್ತವೆ.

ಮಾರ್ಗ ಎರಡು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳ ವ್ಯಾಪ್ತಿಯಲ್ಲಿದ್ದರೆ, ಹೆಚ್ಚಿನ ಭಾಗ ಇರುವ ಕಡೆ ಅರ್ಜಿ (69ನೇ ಕಲಂ). ನನ್ನದು ಚಿತ್ರದುರ್ಗ. ಪರ್ಮಿಟ್ 5 ವರ್ಷಕ್ಕೆ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಕನಿಷ್ಠ 15 ದಿನ ಮೊದಲೇ ಹಾಕಬೇಕು.