ಬೇಸಿಗೆಯಲ್ಲಿ ಮನೆಯ ಸರ್ವರ್ ಕಾದಾಗ ನಾನು ಮಾಡಿದ್ದು

ನನ್ನ ಸರ್ವರ್ ಅಂದರೆ ಒಂದು ಹಳೆಯ ಡೆಸ್ಕ್‌ಟಾಪ್. ಒಳಗೆ ನಾಲ್ಕು ಹಾರ್ಡ್ ಡಿಸ್ಕ್, ಒಂದು ಎಸ್‌ಎಸ್‌ಡಿ, ಲಿನಕ್ಸ್. ಮನೆಯವರೆಲ್ಲರ ಫೋಟೋಗಳು, ಬ್ಯಾಕಪ್‌ಗಳು ಅದರಲ್ಲೇ ಇವೆ. ಸದ್ದು ಕೇಳಿಸಬಾರದೆಂದು ಅದನ್ನು ಬಾಗಿಲಿರುವ ಮರದ ಕಪಾಟಿನಲ್ಲಿಟ್ಟಿದ್ದೆ. ಚಳಿಗಾಲ ಪೂರ್ತಿ ತೊಂದರೆಯೇ ಇರಲಿಲ್ಲ. ಬಿಸಿಲು ಏರಿದ ಮೇಲೆ ಒಂದು ಮಧ್ಯಾಹ್ನ ಡಿಸ್ಕ್‌ಗಳ ತಾಪ, ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಎಂಬ ಪ್ರೋಗ್ರಾಂ ಓಡಿಸಿ ನೋಡಿದರೆ ನಡುವಿನ ಎರಡು ಡಿಸ್ಕ್‌ಗಳು 57 ಡಿಗ್ರಿಯಲ್ಲಿದ್ದವು. ಎಷ್ಟೋ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಗರಿಷ್ಠ ಮಿತಿಯೇ 60ರ ಆಸುಪಾಸು. ಆ ಫೋಟೋಗಳು ನೆನಪಾಗಿ ಎದೆ ಝಲ್ಲೆಂದಿತು.

ಮೊದಲು ಹೊಳೆದದ್ದು ದೊಡ್ಡ ಫ್ಯಾನ್. ಎರಡು ಹಾಕಿದೆ. ಸದ್ದು ಜೋರಾಯಿತು, ತಾಪ ಇಳಿದದ್ದು ಬರೀ 2 ಡಿಗ್ರಿ. ಆಮೇಲೆ ಒಂದು ಸಣ್ಣ ಥರ್ಮಾಮೀಟರನ್ನು ಕೋಣೆಯಲ್ಲಿ ಸ್ವಲ್ಪ ಹೊತ್ತು, ಕಪಾಟಿನೊಳಗೆ ಸರ್ವರ್ ಗಾಳಿ ಎಳೆದುಕೊಳ್ಳುವ ಮುಂಬದಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ನೋಡಿದೆ. ಕೋಣೆ 33, ಕಪಾಟು 43. ಹಿಂದಿನಿಂದ ಹೊರಬಿದ್ದ ಬಿಸಿಗಾಳಿಗೆ ಹೋಗಲು ದಾರಿಯಿಲ್ಲದೆ ಸುತ್ತಿ ಬಂದು ಮತ್ತೆ ಮುಂದಿನಿಂದ ಒಳಗೆ ಹೋಗುತ್ತಿತ್ತು. ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಡಿಸ್ಕನ್ನು ತಾನು ಎಳೆದ ಗಾಳಿಗಿಂತ ತಣ್ಣಗೆ ಮಾಡಲಾರದು. ಪ್ಲಗ್‌ಗೆ ಮೀಟರ್ ಹಾಕಿದಾಗ ಯಂತ್ರ 70 ವಾಟ್ ಎಳೆಯುತ್ತಿತ್ತು. ಅಷ್ಟೂ ಕೊನೆಗೆ ಶಾಖವೇ. ಮುಚ್ಚಿದ ಪೆಟ್ಟಿಗೆಯಲ್ಲಿ 70 ವಾಟಿನ ಹಳೇ ಬಲ್ಬನ್ನು ಹಗಲೂ ರಾತ್ರಿ ಉರಿಸಿದ ಹಾಗೆ.

ಕಪಾಟಿನಿಂದ ಹೊರತೆಗೆದು, ಬಿಸಿಲು ಬೀಳದ ಗೋಡೆಯ ಬಳಿ ತೆರೆದ ಶೆಲ್ಫ್ ಮೇಲೆ ಇಟ್ಟೆ. ನೆಲದ ಧೂಳು ಎಳೆಯದಷ್ಟು ಎತ್ತರ, ಹಿಂದೆ ಒಂದು ಗೇಣು ಜಾಗ. ಮರುದಿನ ಅದೇ ಹೊತ್ತಿಗೆ ಡಿಸ್ಕ್‌ಗಳು 47. ಒಂದು ಪೈಸೆ ಖರ್ಚಿಲ್ಲದ ಈ ಕೆಲಸದಷ್ಟು ಫಲ ಮುಂದೆ ಯಾವುದೂ ಕೊಡಲಿಲ್ಲ.

ಉತ್ಸಾಹದಲ್ಲಿ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ಮುಚ್ಚಳವನ್ನೂ ತೆಗೆದೆ. ಪ್ರೊಸೆಸರ್ 4 ಡಿಗ್ರಿ ಇಳಿಯಿತು, ಡಿಸ್ಕ್‌ಗಳು 3 ಡಿಗ್ರಿ ಏರಿದವು! ಮುಚ್ಚಳ ಇದ್ದಾಗ ಗಾಳಿ ಮುಂದಿನಿಂದ ಬಂದು ಡಿಸ್ಕ್‌ಗಳ ಸಂದಿಯಲ್ಲೇ ನುಗ್ಗಬೇಕಿತ್ತು. ತೆರೆದ ಮೇಲೆ ಅದು ಸುಲಭದ ದಾರಿ ಹಿಡಿಯಿತು. ಮುಚ್ಚಳ ಮತ್ತೆ ಹಾಕಿದೆ. ಅಕ್ಕಪಕ್ಕ ಒತ್ತಾಗಿದ್ದ ಡಿಸ್ಕ್‌ಗಳನ್ನು ಒಂದೊಂದು ಖಾನೆ ಬಿಟ್ಟು ಕೂರಿಸಿದ್ದರಿಂದ ಇನ್ನೆರಡು ಡಿಗ್ರಿ ಇಳಿಯಿತು.

ಧೂಳಿನ ಜಾಲರಿಯನ್ನು ಈಗ ಹದಿನೈದು ದಿನಕ್ಕೊಮ್ಮೆ ತೊಳೆದು, ಚೆನ್ನಾಗಿ ಒಣಗಿಸಿ ಹಾಕುತ್ತೇನೆ. ಧೂಳು ಊದಲು ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು.

ಪ್ರೊಸೆಸರ್‌ಗೂ ಅದನ್ನು ತಣಿಸುವ ಲೋಹದ ಭಾಗಕ್ಕೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಹೋಗಿತ್ತು, ಅದನ್ನೂ ಬದಲಿಸಿದೆ. ಪ್ರೊಸೆಸರ್ 9 ಡಿಗ್ರಿ ಇಳಿದರೂ ಡಿಸ್ಕ್‌ಗಳಿಗೆ ಏನೂ ವ್ಯತ್ಯಾಸವಾಗಲಿಲ್ಲ. ಪೇಸ್ಟ್ ಶಾಖವನ್ನು ಚಿಪ್‌ನಿಂದ ಬೇಗ ಹೊರಗೆ ದಾಟಿಸುತ್ತದೆ, ಹುಟ್ಟುವ ಶಾಖವನ್ನು ಕಡಿಮೆ ಮಾಡುವುದಿಲ್ಲ.

ಹಾಗಾದರೆ ಶಾಖ ಹುಟ್ಟುವುದನ್ನೇ ಕಡಿಮೆ ಮಾಡೋಣವೆಂದು ಯಾವ ಪ್ರೋಗ್ರಾಂ ಪ್ರೊಸೆಸರನ್ನು ಎಷ್ಟು ದುಡಿಸುತ್ತಿದೆ ಎಂದು ತೋರಿಸುವ ಎಚ್‌ಟಾಪ್ ತೆರೆದು ಕೂತೆ. ಫೋಟೋಗಳಲ್ಲಿ ಮುಖ ಗುರುತಿಸುವ ಒಂದು ಕಂಟೇನರ್ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ) ದಿನವಿಡೀ ಪ್ರೊಸೆಸರ್‌ನ ಎರಡು ಕೋರ್‌ಗಳನ್ನು ದುಡಿಸುತ್ತಿತ್ತು. ಅದನ್ನೂ, ಡಿಸ್ಕ್‌ಗಳಲ್ಲಿರುವುದನ್ನೆಲ್ಲ ಓದಿ ದೋಷ ಹುಡುಕುವ ಸ್ಕ್ರಬ್ ಅನ್ನೂ ರಾತ್ರಿ 2 ಗಂಟೆಯ ನಂತರಕ್ಕೆ ತಳ್ಳಿದೆ. ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ, ಪ್ರೊಸೆಸರ್ ಆಗಾಗ ತನ್ನ ವೇಗ ಏರಿಸಿಕೊಳ್ಳುವ ಟರ್ಬೊ ನಿಲ್ಲಿಸಿದೆ. ಟರ್ಬೊದಲ್ಲಿ ವೇಗದ ಜೊತೆ ವೋಲ್ಟೇಜೂ ಏರುತ್ತದೆ, ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಹೆಚ್ಚುತ್ತದೆ. ಹಾಗಾಗಿ ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಶಾಖ ಬಹಳ ಕಡಿಮೆಯಾಗುತ್ತದೆ. ಹಗಲಿನಲ್ಲಿ ಮೀಟರ್ ಈಗ 50 ವಾಟ್ ತೋರಿಸುತ್ತದೆ, ಫೈಲ್ ತೆರೆಯುವುದರಲ್ಲಿ ಮನೆಯಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ.

ಇನ್ನೂ ಎಷ್ಟು ಇಳಿಸಬೇಕು ಎಂಬ ಚಿಂತೆ ಕೆಲವು ದಿನ ಕಾಡಿತು. ಗೂಗಲ್‌ನವರು 2007ರಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಮನಸ್ಸು ಹಗುರಾಯಿತು. ತಾಪಕ್ಕೂ ಡಿಸ್ಕ್ ಕೆಡುವುದಕ್ಕೂ ಜನ ಅಂದುಕೊಂಡಷ್ಟು ಬಿಗಿಯಾದ ನಂಟು ಅವರಿಗೆ ಕಾಣಲಿಲ್ಲ. ತೀರಾ ಹೆಚ್ಚಿನ ತಾಪದಲ್ಲಿ, ಅದರಲ್ಲೂ ವಯಸ್ಸಾದ ಡಿಸ್ಕ್‌ಗಳಲ್ಲಿ, ಆ ನಂಟು ಎದ್ದು ಕಾಣುತ್ತಿತ್ತು. ನನ್ನವು ಹಳೆಯವೇ. ಆದ್ದರಿಂದ 35ರ ಬೆನ್ನು ಹತ್ತದೆ 48 ದಾಟದಂತೆ ನೋಡಿಕೊಂಡರೆ ಸಾಕೆಂದು ತೀರ್ಮಾನಿಸಿದೆ. ಸರ್ವರ್ ಒಂದಕ್ಕಾಗಿಯೇ ಎಸಿ ಹಾಕುವ ಯೋಚನೆಯನ್ನೂ ಬಿಟ್ಟೆ. ಮುಂದೆ ಒದ್ದೆ ಬಟ್ಟೆ ತೂಗುಹಾಕಿ ಎಂದು ಸ್ನೇಹಿತರೊಬ್ಬರು ಹೇಳಿದರು. ವಿದ್ಯುತ್ ಇರುವ ಯಂತ್ರದ ಹತ್ತಿರ ನೀರು, ತೇವ ಬೇಡವೇ ಬೇಡ.

ಪ್ರೊಸೆಸರ್ ತೀರಾ ಕಾದರೆ ತಾನೇ ನಿಧಾನವಾಗುತ್ತದೆ, ಮಿತಿ ಮೀರಿದರೆ ಯಂತ್ರವೇ ನಿಲ್ಲುತ್ತದೆ. ಡಿಸ್ಕ್‌ಗಳ ವಿಷಯದಲ್ಲಿ ಅಂಥ ರಕ್ಷಣೆಯನ್ನು ನಂಬಿ ಕೂರಲು ನನಗೆ ಧೈರ್ಯವಿರಲಿಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಓಡುವ ಸಣ್ಣ ಸ್ಕ್ರಿಪ್ಟ್ ಬರೆದೆ. ಯಾವುದೇ ಡಿಸ್ಕ್ 50 ಮುಟ್ಟಿದರೆ ನನ್ನ ಫೋನಿಗೆ ಸಂದೇಶ, 55 ಮುಟ್ಟಿದರೆ ಶಟ್‌ಡೌನ್. ಮಿತಿಯನ್ನು ಬೇಕೆಂದೇ 40ಕ್ಕೆ ಇಳಿಸಿ, ಅದು ನಿಜವಾಗಿಯೂ ನಿಲ್ಲಿಸುತ್ತದೆಯೇ ಎಂದು ಎರಡು ಸಲ ಪರೀಕ್ಷಿಸಿದೆ.

ಕಳೆದ ಬೇಸಿಗೆಯಲ್ಲಿ ಊರಲ್ಲಿಲ್ಲದಾಗ ಮಧ್ಯಾಹ್ನ 50ರ ಸಂದೇಶ ಬಂತು, ಮುಕ್ಕಾಲು ಗಂಟೆಯ ಮೇಲೆ ಸರ್ವರ್ ನಿಂತಿತು. ಬಂದು ನೋಡಿದರೆ ಮುಂದಿನ ಫ್ಯಾನ್ ಕೆಟ್ಟಿತ್ತು. ಹೊಸ ಫ್ಯಾನ್ ಹಾಕಿ ಚಾಲೂ ಮಾಡಿದೆ. ನಾಲ್ಕೂ ಡಿಸ್ಕ್‌ಗಳು ಎದ್ದವು, ಸ್ಕ್ರಬ್‌ನಲ್ಲಿ ಒಂದೂ ದೋಷ ಬರಲಿಲ್ಲ.