13ನೇ ಚಾನೆಲ್‌ನಲ್ಲಿ ಅಡಗಿ ಕೂತಿದ್ದ ವೈಫೈ

ಮೊದಲೇ ಹೇಳಿಬಿಡುತ್ತೇನೆ, ವೈಫೈ ಸಿಗದ ಆ ಲ್ಯಾಪ್‌ಟಾಪಿನ ವೈಫೈ ಕಾರ್ಡ್ ಕೆಟ್ಟು ಹೋಗಿರಲಿಲ್ಲ. "ಕಾರ್ಡ್ ಹೋಗಿದೆ, ಬೇರೆ ಹಾಕಿ ಕೈ ತೊಳ್ಕೊ" ಅಂದವರು ನಾಲ್ಕು ಜನ. ಅದರಲ್ಲಿ ಇಬ್ಬರು ಸರ್ವಿಸ್ ಲೈನಿನಲ್ಲಿ ನನಗಿಂತ ಹಳಬರು. ಅದಕ್ಕೇ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ಒಬ್ಬ ಆಡಿಟರ್ ಆಫೀಸು, ಮಹಡಿ ಮೇಲೆ. ವೈಫೈ ಹೆಸರು ಕಾಣದ ಹಾಗೆ ಇಟ್ಟಿದ್ದರು. ಸೆಕ್ಯುರಿಟಿ ಗಿಕ್ಯುರಿಟಿ ಏನಲ್ಲ. ಹೆಸರು ಕಂಡರೆ ಕೆಳಗಿನ ಅಂಗಡಿ ಹುಡುಗರು ಪಾಸ್‌ವರ್ಡ್ ಕೇಳುತ್ತಾರೆ, ಇಲ್ಲ ಅನ್ನಲು ಸರ್‌ಗೆ ದಾಕ್ಷಿಣ್ಯ! ಬೆಂಗಳೂರಿನ ಎಸ್‌ಪಿ ರೋಡಿನಿಂದ ಸುಮಾರು 18 ಸಾವಿರಕ್ಕೆ ಹೊರದೇಶದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದರು. ಆಫೀಸಿನ ಫೋನುಗಳೆಲ್ಲ ಸಲೀಸಾಗಿ ಸಿಗುತ್ತಿದ್ದವು, ಇದೊಂದೇ ಇಲ್ಲ. 20ಕ್ಕೆ ಜಿಎಸ್‌ಟಿ 3ಬಿ (ತಿಂಗಳ ತೆರಿಗೆ ರಿಟರ್ನ್) ಸಲ್ಲಿಸಲು ಕೊನೇ ದಿನ. ನನ್ನನ್ನು ಕರೆದದ್ದು 17ಕ್ಕೆ.

ನೀವೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಹಳೇ ಪ್ರೊಫೈಲ್ (ಲ್ಯಾಪ್‌ಟಾಪ್ ನೆನಪಿಟ್ಟ ವೈಫೈ ಹೆಸರು, ಪಾಸ್‌ವರ್ಡ್) ಅಳಿಸಿದೆ, ಕೈಯಿಂದ ಹೊಸದು ಸೇರಿಸಿದೆ, ಹೆಸರು ಕಾಣದಿದ್ದರೂ ಕನೆಕ್ಟ್ ಆಗು ಅನ್ನೋ ಟಿಕ್ ಹಾಕಿದೆ. ಕಾರ್ಡ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಮೂರು ಸಲ ಬದಲಾಯಿಸಿದೆ. ರೂಟರಿನಲ್ಲಿ ಹೆಸರಿನ ಕೊನೆಗೆ ಸ್ಪೇಸ್ ಏನಾದರೂ ಸೇರಿದೆಯಾ ಅಂತ ನೋಡಿದೆ (ಹಿಂದೆ ಒಂದು ಕಡೆ ಹಾಗಾಗಿ ಅರ್ಧ ದಿನ ಹೋಗಿತ್ತು), ಇರಲಿಲ್ಲ. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಿದೆ. ಅದು ಪೆದ್ದುತನ, ಒಪ್ಪುತ್ತೇನೆ. ಹೊರಗಿನಿಂದ ಚುಚ್ಚುವ ವೈಫೈ ಯುಎಸ್‌ಬಿ ಡಾಂಗಲ್‌ಗೆ 450 ಹೋಯಿತು, ಅದೂ ಸುಮ್ನೆ ಕೂತಿತು. ಹಳಬರ ಮಾತು ಕೇಳಿ ಎಂಟುನೂರೋ ಒಂಬೈನೂರೋ ಕೊಟ್ಟು ಕಾರ್ಡ್ ಹಾಕಿದೆ. ಅದೂ ಮೊದಲಿನ ಜಾತಿಯದೇ, ಅದೇ ಹಠ.

18ರ ಸಂಜೆ ನನ್ನ ಫೋನಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟು ಹಾಟ್‌ಸ್ಪಾಟ್ ಹಚ್ಚಿದೆ. ತಟ್ಟನೆ ಸಿಕ್ಕಿತು! ಅಂದರೆ ಪ್ರೊಫೈಲ್ ಸರಿ ಇದೆ. ಆಮೇಲೆ ಅವರ ರೂಟರಿನಲ್ಲೇ ಹೆಸರು ಕಾಣುವ ಹಾಗೆ ಮಾಡಿದೆ. ಆಗಲೂ ಸಿಕ್ಕಿತು. ಮತ್ತೆ ಮುಚ್ಚಿ, ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದರೆ ಮಾಯ. ಕೆಟ್ಟ ಕಾರ್ಡ್ ಹೀಗೆ ಆಡುತ್ತಾ?

ರಾತ್ರಿ ಪೆನ್‌ಡ್ರೈವಿನಿಂದ ಲಿನಕ್ಸ್ (ವಿಂಡೋಸ್ ಬದಲಿಗೆ ಓಡಿಸುವ ಇನ್ನೊಂದು ಸಿಸ್ಟಮ್) ಎಬ್ಬಿಸಿ ಕಾರ್ಡಿನ ಚಾನೆಲ್ ಪಟ್ಟಿ ತೆಗೆದೆ. ಚಾನೆಲ್ ಅಂದರೆ ವೈಫೈ ಮಾತಾಡುವ ದಾರಿ, ಒಂದೊಂದಕ್ಕೂ ನಂಬರ್ ಇದೆ. 12 ಮತ್ತು 13ರ ಮುಂದೆ 'ನೋ ಐಆರ್' ಅಂತಿತ್ತು. ಅಂದರೆ ಅಲ್ಲಿ ಕಾರ್ಡ್ ತಾನಾಗಿ ಮೊದಲು ಮಾತಾಡುವ ಹಾಗಿಲ್ಲ, ಕಿವಿಗೊಟ್ಟು ಕೂರಬೇಕು ಅಷ್ಟೆ. ಕಾರ್ಡ್ ಅಮೆರಿಕದ ಲೆಕ್ಕ ಹಿಡಿದ ಹಾಗಿತ್ತು: ಅಲ್ಲಿ ಬಳಕೆ 11ರವರೆಗೆ, ನಮ್ಮಲ್ಲಿ 13ರವರೆಗೂ ಇದೆ. ರೂಟರ್ ಯಾವ ಚಾನೆಲ್‌ನಲ್ಲಿದೆ ನೋಡಿದೆ. 13! ನನಗಿಂತ ಮೊದಲು ರಿಪೇರಿಗೆ ಬಂದಿದ್ದ ಹುಡುಗ "ಅಲ್ಲಿ ರಶ್ ಇಲ್ಲ ಸರ್" ಅಂತ ಫಿಕ್ಸ್ ಮಾಡಿ ಹೋಗಿದ್ದನಂತೆ.

ಹೆಸರು ಮುಚ್ಚಿದ ರೂಟರ್ ತನ್ನ ಹೆಸರು ಹೇಳುವುದಿಲ್ಲ. ಲ್ಯಾಪ್‌ಟಾಪೇ ಹೆಸರು ಹಿಡಿದು ಕೂಗಬೇಕು. ಇಲ್ಲಿ ಅದಕ್ಕೂ ಬಾಯಿ ಕಟ್ಟಿದೆ. ಗಂಡು ಹೆಣ್ಣು ಎರಡೂ ಕಡೆಯವರು ಬಾಯಿ ಬಿಡದೆ ಕೂತರೆ ಮಾತುಕತೆ ಮುಗಿಯೋದು ಹೇಗೆ, ಅಲ್ವಾ?

ಲಿನಕ್ಸ್‌ನಲ್ಲಿ ದೇಶವನ್ನು ಇಂಡಿಯಾ ಅಂತ ಬದಲಾಯಿಸಿ ನೋಡಿದೆ. ಕಾರ್ಡ್ ಕ್ಯಾರೇ ಅನ್ನಲಿಲ್ಲ, ಅದರೊಳಗೇ ಕೂತ ಸಾಫ್ಟ್‌ವೇರ್ (ಫರ್ಮ್‌ವೇರ್) ಹೇಳಿದ್ದೇ ಅದಕ್ಕೆ ಕಾನೂನು. 19ರ ಬೆಳಿಗ್ಗೆ ರೂಟರನ್ನೇ 6ನೇ ಚಾನೆಲ್‌ಗೆ ತಂದೆ. ಹತ್ತು ಸೆಕೆಂಡೂ ಆಗಿರಲಿಲ್ಲ, ಲ್ಯಾಪ್‌ಟಾಪ್ ಸಿಕ್ಕಿತು. ಹೆಸರು ಮುಚ್ಚಿಯೇ ಇತ್ತು. ಹಳೇ ಕಾರ್ಡನ್ನೇ ವಾಪಸ್ ಹಾಕಿದೆ, ಅದೂ ಸಿಕ್ಕಿತು. ಫೋಟೋ ತೆಗೆದು ಆ ನಾಲ್ವರಿಗೂ ಕಳಿಸಿದೆ. ಒಬ್ಬರಷ್ಟೇ ಉತ್ತರ ಕೊಟ್ಟರು, ಹೆಬ್ಬೆರಳು.

ಹೀಗೆ ಹೆಸರು ಹಿಡಿದು ಕೂಗುವ ಲ್ಯಾಪ್‌ಟಾಪ್ ಬಸ್‌ಸ್ಟ್ಯಾಂಡಿನಲ್ಲೂ ಅದೇ ಹೆಸರನ್ನು ಕೂಗುತ್ತದೆ. ಮುಚ್ಚಿಟ್ಟು ಏನು ಬಂತು ಅಂತ ಸರ್‌ಗೆ ಹೇಳಿದೆ. "ಹುಡುಗ್ರಿಗೆ ಕಾಣಲ್ಲ ತಾನೆ, ಸಾಕು ಬಿಡಪ್ಪ" ಅಂದರು. ಮುಚ್ಚಿಟ್ಟ ರೂಟರಿನ ಚಾನೆಲನ್ನು ಲಾಗಿನ್ ಇಲ್ಲದೆ ಒಂದೇ ನಿಮಿಷದಲ್ಲಿ ಹಿಡಿಯುವ ಉಪಾಯ ಒಂದಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬೇಡ.

ಆಮೇಲೆ ಮನೆಯಲ್ಲಿ ವೈಫೈನ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ನಲ್ಲೂ ಆಟ ಆಡಿದೆ. ಹೆಸರು ಮುಚ್ಚಿ 36ನೇ ಚಾನೆಲ್‌ನಲ್ಲಿ ಇಟ್ಟರೆ ತಕರಾರಿಲ್ಲ. 100ಕ್ಕೆ ಹಾಕಿದರೆ ರೂಟರ್ ಒಂದು ನಿಮಿಷ ರೇಡಾರ್ ಇದೆಯಾ ಅಂತ ಕಿವಿಗೊಟ್ಟು ಕೂತು ಆಮೇಲೆ ಶುರುವಾಗುತ್ತದೆ. ಅಲ್ಲೂ ಲ್ಯಾಪ್‌ಟಾಪ್ ಮೊದಲು ಕೂಗುವ ಹಾಗಿಲ್ಲ, ನನ್ನದು ಐದು ಸಲದಲ್ಲಿ ಎರಡು ಸಲವೂ ಸಿಗಲಿಲ್ಲ.

ಸರ್ ಕೊಟ್ಟದ್ದು 500. ಡಾಂಗಲ್ ನನ್ನ ಲೆಕ್ಕಕ್ಕೇ ಬಿತ್ತು. ನಾನು ಕೊಂಡ ಕಾರ್ಡ್ ಡ್ರಾಯರಿನಲ್ಲಿದೆ, ಹೊಸದರ ಹಾಗೇ ಇದೆ. ಬೇಕಾದವರು 600 ಕೊಟ್ಟು ಒಯ್ಯಬಹುದು.